64 ಬೈಟಿನ ಮಿತಿ

ಕಾಲೇಜಿನ ಪ್ರಬಂಧ ಸ್ಪರ್ಧೆಗೆ ಈ ಸಲ ಜಾಲತಾಣದಲ್ಲೇ ಅರ್ಜಿ ಹಾಕಬೇಕು ಎಂಬ ಪ್ರಕಟಣೆ ಹೊರಬಿದ್ದದ್ದೇ ತಡ, ದೂರುಗಳು ಶುರುವಾದವು. ಹೆಸರು, ತರಗತಿ, ಪ್ರಬಂಧ ಎಲ್ಲ ತುಂಬಿ, ಫೋಟೊ ಲಗತ್ತಿಸಿ 'ಸಲ್ಲಿಸಿ' ಒತ್ತಿದರೆ ಅದೇ ಪುಟ ಖಾಲಿಯಾಗಿ ಮತ್ತೆ ತೆರೆದುಕೊಳ್ಳುತ್ತದೆ. ಮೇಲ್ಗಡೆ ಕೆಂಪಕ್ಷರದಲ್ಲಿ 'ದಯವಿಟ್ಟು ನಿಮ್ಮ ಹೆಸರು ಬರೆಯಿರಿ' ಎಂಬ ಸಾಲು. ಅರ್ಜಿ ತುಂಬಿದ ಹುಡುಗಿಗೆ ತಾನು ಹೆಸರು ಬರೆದದ್ದು ಚೆನ್ನಾಗಿ ನೆನಪಿದೆ. ಇನ್ನೊಮ್ಮೆ ತುಂಬಿದರೂ ಅದೇ ಪಾಡು.

ಜಾಲತಾಣದ ಉಸ್ತುವಾರಿ ಆ ವರ್ಷ ಕನ್ನಡ ವಿಭಾಗದ ಮೇಷ್ಟ್ರ ಪಾಲಿಗೆ ಬಂದಿತ್ತು. ಅವರು ನೆರವಿಗೆ ಕರೆದದ್ದು ತಮ್ಮ ಹಳೆಯ ವಿದ್ಯಾರ್ಥಿನಿಯನ್ನು. ಸರ್ವರ್‌ಗಳನ್ನು ನೋಡಿಕೊಳ್ಳುವುದೇ ಆಕೆಯ ಉದ್ಯೋಗ. ಸ್ಟಾಫ್ ರೂಮಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಆಕೆ ಮೊದಲು ನೋಡಿದ್ದು ದೋಷಗಳ ಲಾಗ್.

"ಸೈಟು ಬರೆದುಕೊಟ್ಟವರು ಪ್ರೋಗ್ರಾಂನಲ್ಲಿ ಏನಾದರೂ ಎಡವಿದ್ದಾರೇನಮ್ಮ?" ಎಂದರು ಮೇಷ್ಟ್ರು.

"ಪ್ರೋಗ್ರಾಂ ಸರಿಯಾಗೇ ಇದೆ ಸರ್. ವಿದ್ಯಾರ್ಥಿಗಳು ಬರೆದದ್ದು ಅದರ ಕೈಗೆ ಸಿಕ್ಕೇ ಇಲ್ಲ. ಇಲ್ಲಿ ನೋಡಿ: ಬಂದ ಮಾಹಿತಿ 64 ಬೈಟಿನ ಮಿತಿ ಮೀರಿದೆ ಅಂತ ಸಾಲುಗಟ್ಟಲೆ ದಾಖಲಾಗಿದೆ."

"64 ಬೈಟ್ ಅಂದರೆ ಎಷ್ಟು?"

"ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೂ ಮೂರು ಬೈಟ್ ಬೇಕು. 64 ಬೈಟಿನಲ್ಲಿ 21 ಸಂಕೇತ ಹಿಡಿಸುತ್ತೆ. 'ಕನ್ನಡ' ಅನ್ನೋ ಪದಕ್ಕೇ 15 ಬೈಟ್ ಹೋಗುತ್ತೆ. ಪ್ರಬಂಧದ ಮಾತು ಹಾಗಿರಲಿ, ಹೆಸರು ಮತ್ತು ತರಗತಿಯೇ ಅದರೊಳಗೆ ಕೂರಲ್ಲ."

ಆಕೆ ಸೈಟು ಬರೆದ ಭಾಷೆಯಾದ ಪಿಎಚ್‌ಪಿಯ ಸೆಟ್ಟಿಂಗ್‌ಗಳ ಕಡತ ತೆರೆದರು. ಪಿಎಚ್‌ಪಿ.ಐಎನ್‌ಐ ಎಂಬ ಸಾದಾ ಪಠ್ಯದ ಕಡತ ಅದು. ಅದರ ಪೋಸ್ಟ್ ಮ್ಯಾಕ್ಸ್ ಸೈಜ್ ಎಂಬ ಸಾಲಿನ ಮುಂದೆ '64ಎಂಬಿ' ಎಂದಿತ್ತು. ಫಾರಂ ಒಂದರ ಮೂಲಕ ಒಟ್ಟು ಎಷ್ಟು ಮಾಹಿತಿ ಒಳಗೆ ಬರಬಹುದು ಎಂಬುದನ್ನು ಹೇಳುವ ಸಾಲು ಅದು.

"64 ಎಂಬಿ ಧಾರಾಳವಾಯ್ತಲ್ಲ?"

"ಬರೆದವರ ಮನಸ್ಸಿನಲ್ಲಿ ಇದ್ದದ್ದೂ ಅದೇ. ಆದರೆ ಪಿಎಚ್‌ಪಿಗೆ ಇಲ್ಲಿ ಗೊತ್ತಿರೋದು ಕೆ, ಎಂ, ಜಿ ಅನ್ನೋ ಮೂರು ಅಕ್ಷರ ಮಾತ್ರ. ಅದು ಕೊನೆಯ ಅಕ್ಷರ ನೋಡುತ್ತೆ. ಕೊನೆಯಲ್ಲಿ ಬಿ ಇದೆ, ಅದರ ಪರಿಚಯ ಇಲ್ಲ. ಹಾಗಾಗಿ ಬರೀ 64 ಅಂತ ಓದಿಕೊಂಡು, ಅಷ್ಟು ಬೈಟ್ ಅಂತ ತಿಳಿಯುತ್ತೆ. '64ಎಂ' ಅಂತ ಬರೆದಿದ್ದರೆ ಸರಿಯಿತ್ತು. 2022ರ ಡಿಸೆಂಬರ್‌ನಲ್ಲಿ ಬಂದ ವರ್ಷನ್ 8.2ರಿಂದ ಈಚೆಗೆ ಇಂಥದ್ದಕ್ಕೆ ಎಚ್ಚರಿಕೆ ಕೊಡುತ್ತೆ. ನಿಮ್ಮ ಸರ್ವರ್‌ನಲ್ಲಿರೋದು 7.4. ಅದು ಸುಮ್ಮನೆ ಒಪ್ಪಿಕೊಳ್ಳುತ್ತೆ."

"ಆಫೀಸಿನವರು ದಿನಾ ಲಾಗಿನ್ ಆಗುತ್ತಾರಲ್ಲ, ಅದು ಹೇಗೆ ನಡೆಯಿತು?"

"ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡೂ ಸೇರಿ 40 ಬೈಟ್ ಆಗಿರಬಹುದು. ಮಿತಿಯೊಳಗೇ ಇತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಮಿತಿ ಮೀರಿದಾಗ ಪಿಎಚ್‌ಪಿ ಅರ್ಧ ತಗೊಂಡು ಅರ್ಧ ಬಿಡೋದಿಲ್ಲ. ಇಡೀ ಫಾರಂ ಖಾಲಿ ಅನ್ನೋ ಹಾಗೆ ಪ್ರೋಗ್ರಾಂ ಕೈಗೆ ಕೊಡುತ್ತೆ. ಪ್ರೋಗ್ರಾಂ ನೋಡಿತು, ಹೆಸರಿಲ್ಲ. ಹೆಸರು ಬರೆಯಿರಿ ಅಂದಿತು."

ಮೇಷ್ಟ್ರು ಕುರ್ಚಿ ಹತ್ತಿರ ಎಳೆದುಕೊಂಡರು. ಒಂದು ಅಕ್ಷರ ಹೆಚ್ಚಾದ್ದಕ್ಕೆ ಮಕ್ಕಳ ಬರಹ ಹೀಗೆ ಮಾಯವಾಗುವುದಾದರೆ ಈ ಕಡತದ ಉಳಿದ ಸಾಲುಗಳಲ್ಲಿ ಏನೇನಿದೆಯೋ ನೋಡಿಯೇ ಬಿಡೋಣ ಎಂದರು.

ಪಿಎಚ್‌ಪಿ ಸರ್ವರ್‌ನಲ್ಲಿ ಓಡುವ ಭಾಷೆ. ಓದುಗ ಪುಟ ಕೇಳಿದಾಗ ಕೋಡ್ ಅಲ್ಲೇ ಓಡಿ, ಹುಟ್ಟಿದ ಎಚ್‌ಟಿಎಂಎಲ್ ಮಾತ್ರ ಬ್ರೌಸರ್‌ಗೆ ಬರುತ್ತದೆ. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ಸ್ವವಿವರದ ಪುಟವನ್ನು ಯಾರು ನೋಡುತ್ತಾರೆಂದು ತಿಳಿಯಲು ಬರೆದುಕೊಂಡ ಪುಟ್ಟ ಸಾಧನಗಳಿಂದ ಅದು ಬೆಳೆಯಿತು. 1995ರ ಜೂನ್‌ನಲ್ಲಿ ಸಾರ್ವಜನಿಕವಾಯಿತು. ಇವತ್ತು ವರ್ಡ್‌ಪ್ರೆಸ್ ಓಡುವುದು ಅದರ ಮೇಲೆ, ಕಾಲೇಜುಗಳು ಬಳಸುವ ಮೂಡಲ್ ಕೂಡ. ಕನ್ನಡ ವಿಕಿಪೀಡಿಯದ ಬೆನ್ನಿಗಿರುವ ಮೀಡಿಯಾವಿಕಿಯನ್ನೂ ಅದರಲ್ಲೇ ಬರೆಯಲಾಗಿದೆ. ಸೈಟು ಯಾವುದೇ ಇರಲಿ, ಅದು ಏನನ್ನು ಒಳಗೆ ಬಿಟ್ಟುಕೊಳ್ಳಬೇಕು, ಎಷ್ಟು ಹೊತ್ತು ದುಡಿಯಬೇಕು, ಯಾರಿಗೆ ಏನು ತೋರಿಸಬೇಕು ಎಂಬ ನಿರ್ಧಾರಗಳೆಲ್ಲ ಈ ಕಡತದಲ್ಲಿವೆ.

"ಈಗ ಆ ಬಿ ಅಳಿಸಿಬಿಡು, ಮುಗಿಯಿತಲ್ಲ," ಎಂದರು ಮೇಷ್ಟ್ರು. "ಇಲ್ಲದಿದ್ದರೆ ಇನ್ನೂ ದೊಡ್ಡ ಸಂಖ್ಯೆ ಹಾಕು. ಮಿತಿಯೇ ಇಲ್ಲದಿದ್ದರೆ ಯಾರಿಗೂ ತೊಂದರೆ ಇಲ್ಲ."

"ಎಲ್ಲರೂ ಮಾಡೋದು ಅದನ್ನೇ ಸರ್. ದೋಷ ಕಾಣಿಸಿದಾಗ ಸಂಖ್ಯೆ ಹೆಚ್ಚಿಸ್ತಾರೆ, ದೋಷ ಹೋಗೋವರೆಗೂ ಹೆಚ್ಚಿಸ್ತಾನೇ ಇರ್ತಾರೆ. ಆ ಸಂಖ್ಯೆ ಎಲ್ಲಿಂದ ಬಂತು ಅಂದರೆ ಯಾರ ಹತ್ತಿರವೂ ಉತ್ತರ ಇರೋದಿಲ್ಲ. ಮೊದಲು ಹೇಳಿ, ಈ ಫಾರಂನಲ್ಲಿ ಮಕ್ಕಳು ಕಳಿಸೋದು ಏನೇನು?"

"ಒಂದು ಪ್ರಬಂಧ, 1,500 ಪದ ಮೀರಬಾರದು. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ."

"ಪದಕ್ಕೆ ಎಂಟು ಸಂಕೇತ ಅಂದುಕೊಳ್ಳಿ. 12,000 ಸಂಕೇತ, 36,000 ಬೈಟ್. ಅಂದರೆ ಹತ್ತಿರ ಹತ್ತಿರ 36 ಕೆಬಿ. ಭಾರ ಇರೋದೆಲ್ಲ ಫೋಟೊದಲ್ಲಿ. ಐದಾರು ಎಂಬಿ ಬರಬಹುದು. ಒಂದು ಕಡತಕ್ಕೆ 10 ಎಂ ಸಾಕು. ಅದು ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್, ಹುಟ್ಟಾ ಬರೋ ಬೆಲೆ 2 ಎಂ. ಫೋಟೊ, ಬರಹ ಸೇರಿದ ಇಡೀ ಫಾರಂಗೆ 12 ಎಂ. ಇದರ ಹುಟ್ಟಾ ಬೆಲೆ 8 ಎಂ. ಎರಡನೆಯದು ಯಾವಾಗಲೂ ಮೊದಲನೆಯದಕ್ಕಿಂತ ದೊಡ್ಡದಿರಬೇಕು. ಪಿಎಚ್‌ಪಿಗೂ ಮುಂಚೆ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಇದೆ. ಅದರದ್ದೇ ಬೇರೆ ಮಿತಿ, ಏನೂ ಬರೆಯದಿದ್ದರೆ 1 ಎಂಬಿ. ಅಲ್ಲಿ ಹಿಂದಿನವರು ಸರಿಯಾಗಿ ಹೆಚ್ಚಿಸಿದ್ದಾರೆ. ಅದನ್ನು 16ಕ್ಕೆ ತರ್ತೀನಿ."

"12 ಸಾಕು ಅಂದೆ. ಅಲ್ಲಿ ಮಾತ್ರ 16 ಯಾಕೆ?"

"ವೆಬ್ ಸರ್ವರ್ ತಾನೇ ತಡೆದರೆ ಮಕ್ಕಳಿಗೆ ಕಾಣೋದು 413 ಅನ್ನೋ ಬೋಳು ಇಂಗ್ಲಿಷ್ ಪುಟ. ಸ್ವಲ್ಪ ಹೆಚ್ಚಾದದ್ದು ಪಿಎಚ್‌ಪಿವರೆಗೆ ಬಂದರೆ, ಬಂದದ್ದರ ಗಾತ್ರ ನೋಡಿ ನಮ್ಮ ಪ್ರೋಗ್ರಾಂ ಕನ್ನಡದಲ್ಲೇ ವಿಷಯ ಹೇಳಬಹುದು."

ಮೇಷ್ಟ್ರು ಇಲ್ಲಿ ತಡೆದರು. ಆಮೇಲೆ ಹೇಳುವುದಕ್ಕಿಂತ ಮೊದಲೇ ಹೇಳಬೇಕು ಎಂಬುದು ಅವರ ವಾದ. ಸಂಜೆಯೆಲ್ಲ ಕೂತು ಟೈಪ್ ಮಾಡಿದ ಹುಡುಗನಿಗೆ ಕೊನೆಯಲ್ಲಿ 'ಫೋಟೊ ದೊಡ್ಡದಾಯಿತು' ಎನ್ನುವುದು ಅನ್ಯಾಯ. ಫೋಟೊ ಆರಿಸುವ ಗುಂಡಿಯ ಪಕ್ಕದಲ್ಲೇ '10 ಎಂಬಿ ಮೀರಬಾರದು' ಎಂದು ಬರೆಯಬೇಕು. "ಸರ್ವರ್‌ನ ಒಳಗೆ ನೀನು ಏನೇ ನಿಯಮ ಮಾಡು. ಅದು ಅರ್ಜಿ ತುಂಬುವವನಿಗೆ ಗೊತ್ತಾಗುವವರೆಗೆ ಕೆಲಸ ಮುಗಿದಿಲ್ಲ," ಎಂದರು. ಆಕೆ ಒಪ್ಪಿ, ಆ ಸಾಲನ್ನು ಮೊದಲು ಸೇರಿಸಿ ಮುಂದಕ್ಕೆ ಹೋದರು.

"ಆದರೂ ನನ್ನ ಪ್ರಶ್ನೆ ಹಾಗೇ ಇದೆ," ಎಂದರು ಮೇಷ್ಟ್ರು. "ಜಾಸ್ತಿ ಇಟ್ಟರೆ ನಷ್ಟ ಏನು?"

"ನಿಮ್ಮ ಸರ್ವರ್‌ನ ಮೆಮೊರಿ 2 ಜಿಬಿ. ಪಿಎಚ್‌ಪಿಯ ಒಂದೊಂದು ಓಟಕ್ಕೆ 128 ಎಂಬಿ ಮಿತಿ ಹುಟ್ಟಾ ಬರುತ್ತೆ. ಏಕಕಾಲಕ್ಕೆ ಐದು ಪ್ರಕ್ರಿಯೆ. ಮದುವೆ ಮನೆಯ ಪಂಕ್ತಿಯಲ್ಲಿ ಐದೇ ಎಲೆ ಹಾಕಿದ ಹಾಗೆ, ಮಿಕ್ಕವರು ಕಾಯಬೇಕು. ಐದೂ ಪೂರ್ತಿ ತಿಂದರೂ 640 ಎಂಬಿ. ಉಳಿದದ್ದರಲ್ಲಿ ಡೇಟಾಬೇಸ್ ನೆಮ್ಮದಿಯಾಗಿರುತ್ತೆ. ಮೆಮೊರಿ ಲಿಮಿಟ್ 1 ಜಿ ಮಾಡಿ ಅಂತಾರೆ ಕೆಲವರು. ಐದು ಜನ ಒಟ್ಟಿಗೆ ಭಾರವಾದ ಕೆಲಸ ಹಿಡಿದರೆ 5 ಜಿಬಿ ಬೇಕು, ಇರೋದು ಎರಡು. ಆಗ ಲಿನಕ್ಸ್ ತಾನು ಉಳಿಯೋದಕ್ಕೆ ಯಾವುದಾದರೂ ಪ್ರಕ್ರಿಯೆಯನ್ನು ಕೊಲ್ಲುತ್ತೆ. ಎಷ್ಟೋ ಸಲ ಅದಕ್ಕೆ ಬಲಿಯಾಗೋದು ಡೇಟಾಬೇಸ್. ಒಬ್ಬರಿಗಾಗಿ ಸಡಿಲಿಸಿದ್ದು ಎಲ್ಲರ ಪುಟವನ್ನೂ ಕೆಡವುತ್ತೆ."

"5 ಎಂಬಿಯ ಫೋಟೊ ಅಷ್ಟೆಲ್ಲ ತಿನ್ನುತ್ತದೆಯೇ?"

ಆಕೆ ಕಾಗದದ ಮೇಲೆ ಲೆಕ್ಕ ಬರೆದರು. 12 ಮೆಗಾಪಿಕ್ಸೆಲ್ ಫೋಟೊ ಅಂದರೆ ಅಗಲ 4,000, ಎತ್ತರ 3,000 ಚುಕ್ಕಿ. ಒಟ್ಟು 1 ಕೋಟಿ 20 ಲಕ್ಷ. ಜೆಪೆಗ್ ಕಡತದಲ್ಲಿ ಒತ್ತಿ ಇಟ್ಟಿರುವುದರಿಂದ ಅದು 5 ಎಂಬಿ. ಚಿಕ್ಕದು ಮಾಡಲೆಂದು ಸರ್ವರ್ ಅದನ್ನು ಬಿಚ್ಚಿದಾಗ ಚುಕ್ಕಿಗೆ ನಾಲ್ಕು ಬೈಟ್, ಒಟ್ಟು 4 ಕೋಟಿ 80 ಲಕ್ಷ ಬೈಟ್. ಅಡ್ಡ ಬಿದ್ದ ಫೋಟೊವನ್ನು ನೆಟ್ಟಗೆ ತಿರುಗಿಸಲು ಇನ್ನೊಂದು ಪ್ರತಿ, ಅಷ್ಟೇ ಭಾರ. 48 ಮೆಗಾಪಿಕ್ಸೆಲ್‌ನ ಫೋಟೊ ಆದರೆ ಒಂದೇ ಪ್ರತಿಗೆ 19 ಕೋಟಿ ಬೈಟ್ ದಾಟುತ್ತದೆ. ಕಡತದ ಗಾತ್ರವೊಂದನ್ನೇ ನೋಡಿ ಮೆಮೊರಿ ಅಳೆಯಬಾರದು, ಚುಕ್ಕಿಗಳನ್ನೂ ಎಣಿಸಬೇಕು ಎಂದು ಅದರ ಕೆಳಗೆ ಗೆರೆ ಎಳೆದರು.

ಬದಲಾವಣೆ ಮಾಡಿ ಉಳಿಸಿದ ಮೇಲೂ ಸೈಟು ಹಳೆಯ ಮಿತಿಯನ್ನೇ ಹಿಡಿದು ಕೂತಿತ್ತು. ಮೇಷ್ಟ್ರ ಮುಖ ನೋಡಿ ಆಕೆ ವಿವರಿಸಿದರು. ಪಿಎಚ್‌ಪಿ ಈ ಕಡತವನ್ನು ಓದುವುದು ತಾನು ಶುರುವಾಗುವಾಗ; ಸೇವೆಯನ್ನು ರೀಲೋಡ್ ಮಾಡಬೇಕು. ಈ ಸರ್ವರ್‌ನಲ್ಲಿರುವ ಉಬುಂಟು ಲಿನಕ್ಸ್‌ನಲ್ಲಿ ಇನ್ನೊಂದು ತೊಡಕಿದೆ. ಕಮಾಂಡ್ ಲೈನ್‌ಗೆ ಒಂದು ಪಿಎಚ್‌ಪಿ.ಐಎನ್‌ಐ, ವೆಬ್‌ಗೆ ದುಡಿಯುವ ಎಫ್‌ಪಿಎಂಗೆ ಇನ್ನೊಂದು, ಬೇರೆ ಬೇರೆ ಫೋಲ್ಡರ್‌ಗಳಲ್ಲಿ. ಒಂದನ್ನು ತಿದ್ದಿ ಇನ್ನೊಂದರ ಫಲಕ್ಕೆ ಕಾಯುವವರು ಬಹಳ. ಪಿಎಚ್‌ಪಿಇನ್ಫೊ ಎಂಬ ಪುಟ ತೆರೆದರೆ 'ಲೋಡೆಡ್ ಕಾನ್ಫಿಗರೇಶನ್ ಫೈಲ್' ಎಂಬ ಸಾಲು ಯಾವ ಕಡತ ಬಳಕೆಯಲ್ಲಿದೆ ಎಂದು ಹೇಳುತ್ತದೆ. ನೋಡಿದ ಕೂಡಲೇ ಆ ಪುಟ ಅಳಿಸಬೇಕು. ಸರ್ವರ್‌ನ ಒಳಗಿನದೆಲ್ಲ ಅದರಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ.

"ಕಾಣುತ್ತದೆ ಅಂದೆಯಲ್ಲ," ಎಂದರು ಮೇಷ್ಟ್ರು. "ಒಮ್ಮೊಮ್ಮೆ ನಮ್ಮ ಪುಟದ ಮೇಲೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ, ಫೋಲ್ಡರ್‌ಗಳ ಹೆಸರು ಬರುತ್ತದೆ. ಅದೂ ಇದರದ್ದೇನಾ?"

"ಡಿಸ್‌ಪ್ಲೇ ಎರರ್ಸ್ ಆನ್ ಆಗಿದೆ. ದೋಷ ಹುಡುಕೋದಕ್ಕೆ ಆನ್ ಮಾಡಿ ಹಾಗೇ ಬಿಟ್ಟಿದ್ದಾರೆ. ಪಿಎಚ್‌ಪಿ ಜೊತೆ ಎರಡು ಮಾದರಿ ಕಡತ ಬರುತ್ತೆ, ಸೈಟು ಕಟ್ಟೋವಾಗ ಬಳಸೋದಕ್ಕೆ ಒಂದು, ಜನರಿಗೆ ತೆರೆದ ಮೇಲೆ ಬಳಸೋದಕ್ಕೆ ಒಂದು. ಮೊದಲನೆಯದರಲ್ಲಿ ಇದು ಆನ್, ಎರಡನೆಯದರಲ್ಲಿ ಆಫ್. ದೋಷ ನಿಮಗೆ ಬೇಕು, ಆದರೆ ಲಾಗ್‌ನಲ್ಲಿ. ಲಾಗ್ ಎರರ್ಸ್ ಆನ್ ಇರಲಿ."

"ಫೋಲ್ಡರ್ ಹೆಸರು ಕಂಡರೆ ಅಷ್ಟೇನು ಅಪಾಯ?"

"ಬಾಯಿಬಿಡೋದು ಅಲ್ಲಿಗೇ ನಿಲ್ಲಲ್ಲ ಸರ್. 2007ರ ಆಗಸ್ಟ್‌ನಲ್ಲಿ ಫೇಸ್‌ಬುಕ್‌ನ ಮುಖಪುಟದ ಪಿಎಚ್‌ಪಿ ಕೋಡೇ ಕೆಲವು ಬಳಕೆದಾರರ ಬ್ರೌಸರ್‌ನಲ್ಲಿ ಹಾಗೇ ತೆರೆದುಕೊಂಡಿತ್ತು. ಒಂದೇ ಒಂದು ಸರ್ವರ್‌ನ ಸೆಟ್ಟಿಂಗ್ ತಪ್ಪಿತ್ತು ಅಂತ ಕಂಪನಿಯೇ ಹೇಳಿತು. ಕೋಡ್ ಓಡಿಸಬೇಕಾದ ಸರ್ವರ್ ಅದನ್ನು ಬರೀ ಪಠ್ಯ ಅಂತ ಕಳಿಸಿಬಿಟ್ಟಿತು. ಅದಕ್ಕೇ ಡೇಟಾಬೇಸ್ ಪಾಸ್‌ವರ್ಡ್ ಇರೋ ಕಡತವನ್ನು ವೆಬ್‌ನ ಫೋಲ್ಡರ್‌ನಿಂದ ಹೊರಗಿಡಬೇಕು. ಕೋಡ್ ಬಯಲಾದರೂ ಪಾಸ್‌ವರ್ಡ್ ಉಳಿಯುತ್ತೆ."

ಮೇಷ್ಟ್ರ ಹತ್ತಿರ ಹಳೆಯ ಮುದ್ರಿತ ಟಿಪ್ಪಣಿಯೊಂದಿತ್ತು, ಸೈಟನ್ನು ಹಿಂದೆ ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋದದ್ದು. ಅದರಲ್ಲಿ ರಿಜಿಸ್ಟರ್ ಗ್ಲೋಬಲ್ಸ್ ಆನ್ ಮಾಡಿ ಎಂದಿತ್ತು. ಈ ಕಡತದಲ್ಲಿ ಅಂಥ ಸಾಲೇ ಇಲ್ಲವಲ್ಲ ಎಂದು ಅವರು ಹುಡುಕುತ್ತಿದ್ದರು.

"ಅದು ಈಗ ಇಲ್ಲ, ಇರಲೂಬಾರದು," ಎಂದರು ಆಕೆ. "ಮೊದಲೆಲ್ಲ ವಿಳಾಸದಲ್ಲಿ ಯಾರು ಏನು ಬರೆದರೂ ಅದು ತಾನಾಗೇ ಪ್ರೋಗ್ರಾಂನ ಒಳಗೆ ಚರಾಕ್ಷರ ಆಗಿಬಿಡ್ತಿತ್ತು. ಬರೆಯೋರಿಗೆ ಸಲೀಸು. ಈಗ ಯೋಚಿಸಿ: ಪಾಸ್‌ವರ್ಡ್ ಸರಿಯಿದ್ದರೆ 'ಅಡ್ಮಿನ್' ಅನ್ನೋದಕ್ಕೆ 1 ಅಂತ ಇಡು, ಅದು 1 ಇದ್ದರೆ ಒಳಗೆ ಬಿಡು ಅಂತ ಕೋಡ್ ಇದೆ. ಹೊರಗಿನವನು ವಿಳಾಸದ ಕೊನೆಗೆ 'ಅಡ್ಮಿನ್=1' ಅಂತ ಸೇರಿಸಿದ. ಪಾಸ್‌ವರ್ಡೇ ಬೇಡ, ಒಳಗೆ ಬಂದ. 2002ರಲ್ಲಿ 4.2.0 ಬಂದಾಗ ಇದನ್ನು ಹುಟ್ಟಾ ಆಫ್ ಮಾಡಿದರು. ಪೂರ್ತಿ ತೆಗೆದದ್ದು 2012ರಲ್ಲಿ, 5.4ರಲ್ಲಿ."

"ನಡುವೆ ಹತ್ತು ವರ್ಷ?"

"ಅದನ್ನೇ ನಂಬಿ ಬರೆದ ಸೈಟುಗಳು ಅಷ್ಟಿದ್ದವು. ಹಳೇ ಸಲಹೆಯನ್ನು ಕುರುಡಾಗಿ ನಕಲು ಮಾಡಬಾರದು ಅನ್ನೋದು ಇದಕ್ಕೇ. ಆ ಸಾಲು ಯಾವ ವರ್ಷನ್‌ಗೆ ಬರೆದದ್ದು, ಏನನ್ನು ಕಾಯೋದಕ್ಕೆ ಇದ್ದದ್ದು ಅಂತ ತಿಳೀಬೇಕು."

ಇಷ್ಟರಲ್ಲಿ ಮೇಷ್ಟ್ರಿಗೆ ಇನ್ನೊಂದು ದೂರು ನೆನಪಾಯಿತು. ಆಂತರಿಕ ಅಂಕಗಳನ್ನು ತುಂಬುವ ಪುಟವೂ ಇದೇ ಸೈಟಿಗೆ ಬರುವುದಿತ್ತು. ಹಳೆಯ ಸರ್ವರ್‌ನಲ್ಲಿ ಅದನ್ನು ಪರೀಕ್ಷಿಸಿದಾಗ 60 ವಿದ್ಯಾರ್ಥಿಗಳ ತರಗತಿಯಲ್ಲಿ ಕೊನೆಯ ಹತ್ತು ಜನರ ಅಂಕ ಪ್ರತಿ ಸಲವೂ ಬಿಟ್ಟುಹೋಗಿತ್ತು. ತುಂಬಿದ ಅಧ್ಯಾಪಕರೇ ಮರೆತಿರಬೇಕು ಎಂದುಕೊಂಡಿದ್ದರು ಎಲ್ಲರೂ.

"ಒಬ್ಬರಿಗೆ ಎಷ್ಟು ಖಾನೆ ಸರ್?"

"20."

"60ಕ್ಕೆ 20. ಒಟ್ಟು 1,200 ಖಾನೆ. ಮ್ಯಾಕ್ಸ್ ಇನ್‌ಪುಟ್ ವಾರ್ಸ್ ಅಂತ ಒಂದು ಮಿತಿ ಇದೆ, ಹುಟ್ಟಾ 1,000. ಸಾವಿರ ಖಾನೆಗೆ 50 ಜನ ಮುಗೀತಾರೆ. ಉಳಿದ ಹತ್ತು ಜನರದ್ದು ಕತ್ತರಿಸಿ ಹೋಗುತ್ತೆ. ಲಾಗ್‌ನಲ್ಲಿ ಒಂದು ಎಚ್ಚರಿಕೆ ಬೀಳುತ್ತೆ ಅಷ್ಟೇ. ಪರದೆ ಮೇಲೆ 'ಉಳಿಸಲಾಗಿದೆ' ಅಂತಲೇ ಬರುತ್ತೆ."

ಮೇಷ್ಟ್ರ ದನಿ ಏರಿತು. "ಇದನ್ನು ಮಾತ್ರ ನಾನು ಒಪ್ಪಲಾರೆ. ಹತ್ತು ಮಕ್ಕಳ ಅಂಕ ಹೋಗುವಂಥ ಮಿತಿಯನ್ನು ಯಾರು, ಯಾಕೆ ಇಟ್ಟರು?"

ಆಕೆ ಅದರ ಹಿನ್ನೆಲೆ ಹೇಳಿದರು. 2011ರ ಡಿಸೆಂಬರ್ ಕೊನೆಯಲ್ಲಿ ಬರ್ಲಿನ್‌ನ ಕೇಆಸ್ ಕಮ್ಯುನಿಕೇಶನ್ ಕಾಂಗ್ರೆಸ್‌ನಲ್ಲಿ ಅಲೆಕ್ಸಾಂಡರ್ ಕ್ಲಿಂಕ್, ಯೂಲಿಯಾನ್ ವೆಲ್ಡೆ ಎಂಬ ಇಬ್ಬರು ಸಂಶೋಧಕರು ಹಲವು ವೆಬ್ ಭಾಷೆಗಳಿಗೆ ಸಾಮಾನ್ಯವಾದ ಒಂದು ದೌರ್ಬಲ್ಯ ತೋರಿಸಿದರು. ಫಾರಂನ ಖಾನೆಗಳ ಹೆಸರುಗಳನ್ನು ಸರ್ವರ್ ಒಂದು ಲೆಕ್ಕದ ಪ್ರಕಾರ ಹಂಚಿ ಇಡುತ್ತದೆ, ಬೇಗ ಸಿಗಲಿ ಎಂದು. ಎಲ್ಲ ಹೆಸರುಗಳೂ ಒಂದೇ ಜಾಗಕ್ಕೆ ಬೀಳುವಂತೆ ಬೇಕೆಂದೇ ಆರಿಸಿ ಕಳಿಸಿದರೆ, ಪ್ರತಿ ಹೊಸ ಹೆಸರಿಗೂ ಹಿಂದಿನವನ್ನೆಲ್ಲ ಹೋಲಿಸಿ ನೋಡಬೇಕಾಗುತ್ತದೆ. ಹೆಸರುಗಳು ಹತ್ತು ಪಟ್ಟಾದರೆ ಕೆಲಸ ನೂರು ಪಟ್ಟಾಗುತ್ತದೆ. ಅಂಥ ಒಂದೇ ಫಾರಂ ಪ್ರೊಸೆಸರನ್ನು ನಿಮಿಷಗಟ್ಟಲೆ ಹಿಡಿದಿಡಬಲ್ಲದು. 2012ರ ಜನವರಿಯಲ್ಲಿ ಬಂದ 5.3.9ರಲ್ಲಿ ಪಿಎಚ್‌ಪಿ ಬಳಗ ಕೊಟ್ಟ ಉತ್ತರ ಈ ಸಾವಿರದ ಮಿತಿ.

"ಅಂದರೆ ತೆಗೆಯುವ ಹಾಗಿಲ್ಲ."

"ತೆಗೆಯೋದು ಬೇಡ. ನಿಮ್ಮ ಅತಿ ದೊಡ್ಡ ತರಗತಿ ಎಷ್ಟು?"

"80."

"1,600 ಖಾನೆ. ಮಿತಿ 2,000 ಇಡೋಣ. ಮುಖ್ಯವಾದದ್ದು ಇನ್ನೊಂದು: ಬಂದ ಸಾಲುಗಳ ಎಣಿಕೆ ವಿದ್ಯಾರ್ಥಿಗಳ ಎಣಿಕೆಗೆ ತಾಳೆಯಾಗದಿದ್ದರೆ ಉಳಿಸಲೇಬಾರದು, ಪರದೆ ಮೇಲೆ ಹೇಳಬೇಕು. ಅದನ್ನು ಪ್ರೋಗ್ರಾಂ ಬರೆದವರಿಂದ ಮಾಡಿಸಿ."

ಇನ್ನು ಕೆಲವು ಬೇಗ ಮುಗಿದವು. ಡೇಟ್ ಟೈಮ್‌ಝೋನ್ ಖಾಲಿ ಇತ್ತು. ಹಾಗೆ ಬಿಟ್ಟರೆ ಪಿಎಚ್‌ಪಿ ಯುಟಿಸಿ ಎಂದೇ ಎಣಿಸುತ್ತದೆ, ರಾತ್ರಿ 12ಕ್ಕೆ ಮುಗಿಯಬೇಕಾದ ಅರ್ಜಿ ಬೆಳಗಿನ ಜಾವ 5.30ರವರೆಗೆ ತೆರೆದಿರುತ್ತದೆ. ಅಲ್ಲಿ 'ಏಷ್ಯಾ/ಕೋಲ್ಕತಾ' ಎಂದು ಬರೆದದ್ದಾಯಿತು. ಎಂಬಿಸ್ಟ್ರಿಂಗ್ ಎಂಬ ವಿಸ್ತರಣೆ ಹಾಕಿರಲಿಲ್ಲ. ಅದಿಲ್ಲದೆ ಪಿಎಚ್‌ಪಿಯ ಸಾಮಾನ್ಯ ಎಣಿಕೆ ಬೈಟ್‌ಗಳದ್ದು. 50ರ ಮಿತಿಯ ಹೆಸರಿನ ಖಾನೆಯಲ್ಲಿ ಕನ್ನಡದ 16 ಸಂಕೇತ ಹಿಡಿಸಿ, ಹದಿನೇಳನೆಯದು ನಡುವೆ ತುಂಡಾಗಿ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ವಿಸ್ತರಣೆ ಹಾಕಿ, ಹೆಸರು ಅಳೆಯುವ ಕಡೆಯೆಲ್ಲ ಅದನ್ನು ಬಳಸಲು ಟಿಪ್ಪಣಿ ಮಾಡಿಕೊಂಡರು.

ಇಬ್ಬರಿಗೂ ಒಮ್ಮತ ಬಾರದ್ದು ಸೆಷನ್ ಅವಧಿಯಲ್ಲಿ. ಲಾಗಿನ್ ಆದವರ ಗುರುತನ್ನು ಸರ್ವರ್ ಹುಟ್ಟಾ 1,440 ಸೆಕೆಂಡ್ ಕಾಯುತ್ತದೆ, ಅಂದರೆ 24 ನಿಮಿಷ. ಆ ನಡುವೆ ಪುಟದಿಂದ ಸುದ್ದಿಯಿಲ್ಲದಿದ್ದರೆ ಗುರುತನ್ನು ಅಳಿಸಿಹಾಕಬಹುದು. ಪ್ರಬಂಧ ಟೈಪ್ ಮಾಡುವವರಿಗೆ 24 ನಿಮಿಷ ಏನೇನೂ ಸಾಲದು, ಮೂರು ಗಂಟೆ ಬೇಕು ಎಂದರು ಮೇಷ್ಟ್ರು. ಮಕ್ಕಳು ಬಳಸುವುದು ಲ್ಯಾಬಿನ ಕಂಪ್ಯೂಟರು. ಒಬ್ಬರು ಎದ್ದುಹೋದ ಮೇಲೆ ಮೂರು ಗಂಟೆ ಆ ಖಾತೆ ತೆರೆದಿರುವುದು ಸರಿಯಲ್ಲ ಎಂದರು ಆಕೆ. ಕೊನೆಗೆ ಅವಧಿಯನ್ನು ಒಂದು ಗಂಟೆ ಮಾಡಿ, ಎರಡು ನಿಮಿಷಕ್ಕೊಮ್ಮೆ ಕರಡು ತಾನಾಗಿ ಉಳಿಯುವ ವ್ಯವಸ್ಥೆ ಬೇಕೆಂದು ಬರೆದಿಟ್ಟರು. ಕರಡು ಉಳಿದಾಗಲೆಲ್ಲ ಗುರುತೂ ಹೊಸದಾಗುತ್ತದೆ, ನಿಜವಾಗಿ ಬರೆಯುತ್ತಿರುವವರಿಗೆ ತೊಂದರೆಯಾಗದು.

ತಾವು ಬದಲಿಸಿದ ಸಾಲುಗಳನ್ನು ಆಕೆ ಮೂಲ ಕಡತದಿಂದ ತೆಗೆದು ಪ್ರತ್ಯೇಕವಾದ ಚಿಕ್ಕ ಕಡತಕ್ಕೆ ಹಾಕಿದರು. ಮುಖ್ಯ ಕಡತದ ನಂತರ ಪಿಎಚ್‌ಪಿ ಅದನ್ನೂ ಓದುತ್ತದೆ. ಅರ್ಧವಿರಾಮ (;) ಹಾಕಿ ಬರೆದದ್ದನ್ನೆಲ್ಲ ಪಿಎಚ್‌ಪಿ ಟಿಪ್ಪಣಿಯೆಂದು ಬಿಟ್ಟುಬಿಡುತ್ತದೆ ಎಂದು ತಿಳಿದ ಮೇಷ್ಟ್ರು, ಪ್ರತಿ ಸಾಲಿನ ಮೇಲೂ ಕಾರಣವನ್ನು ಕನ್ನಡದಲ್ಲೇ ಬರೆಸಿದರು: ಯಾವ ಫಾರಂಗೆ, ಎಷ್ಟು ಖಾನೆಗೆ, ಯಾವ ಲೆಕ್ಕದ ಮೇಲೆ.

"ಇದೆಲ್ಲ ಆದರೂ ಒಂದು ಉಳಿಯಿತು ಸರ್," ಎಂದರು ಆಕೆ. "7.4ಕ್ಕೆ ಸುರಕ್ಷತಾ ತಿದ್ದುಪಡಿ ನಿಂತದ್ದು 2022ರ ನವೆಂಬರ್ 28ಕ್ಕೆ. ಪಿಎಚ್‌ಪಿ ಬಳಗ ಈಗ ಅದರ ತೂತುಗಳನ್ನು ಮುಚ್ಚೋದಿಲ್ಲ. ಹೊಸ ವರ್ಷನ್‌ಗೆ ಹೋಗಲೇಬೇಕು."

"ಇವತ್ತೇ ಹೋಗೋಣ."

"ಬೇಡ. 8ರಲ್ಲಿ ಹೋಲಿಕೆಯ ನಿಯಮವೇ ಬದಲಾಗಿದೆ. ಸೊನ್ನೆಯನ್ನು ಅಕ್ಷರಗಳ ಜೊತೆ ಹೋಲಿಸಿದರೆ 7.4ರಲ್ಲಿ ಸಮ ಅಂತ ಬರ್ತಿತ್ತು, 8ರಲ್ಲಿ ಬರಲ್ಲ. ಗೈರುಹಾಜರಾದವರಿಗೆ ಅಂಕದ ಜಾಗದಲ್ಲಿ ಏನು ತುಂಬ್ತೀರಿ?"

"ಎ ಅಂತ."

"ಹಾಗಾದರೆ ಮೊದಲು ಸೈಟಿನ ಒಂದು ಪ್ರತಿಯನ್ನು ಬೇರೆ ಸರ್ವರ್‌ನಲ್ಲಿ ಓಡಿಸಿ ನೋಡಬೇಕು. ಸೊನ್ನೆ ತೆಗೆದವರು, ಬಾರದೇ ಇದ್ದವರು ಇಬ್ಬರೂ ಇರೋ ತರಗತಿಯ ಪಟ್ಟಿ ಒಂದು ಕೊಡಿ. ಅದರಿಂದಲೇ ಶುರು ಮಾಡೋಣ."

ಮೇಷ್ಟ್ರು ಕಪಾಟಿನಿಂದ ಹಿಂದಿನ ಸೆಮಿಸ್ಟರಿನ ಅಂಕಪಟ್ಟಿ ತಂದರು. ಹೆಸರುಗಳನ್ನು ಮರೆಮಾಚಿ, ಅಂಕಗಳನ್ನಷ್ಟೇ ಅವರು ಒಂದೊಂದಾಗಿ ಓದತೊಡಗಿದರು. ಆಕೆ ಪರೀಕ್ಷೆಯ ಫಾರಂಗೆ ತುಂಬತೊಡಗಿದರು.